ಹಲ್ಲಿಗೆ ಒಪ್ಪುವ ಹದ

ಸೋಯಾ, ಬಟಾಣಿ ಮೊದಲಾದ ದ್ವಿದಳ ಧಾನ್ಯಗಳಲ್ಲಿ ಪ್ರೋಟೀನಿಗೆ ಕೊರತೆಯಿಲ್ಲವೆಂಬುದು ಸರ್ವವಿದಿತವಾದರೂ, ಅವುಗಳಿಂದ ಮಾಂಸಕ್ಕೆ ಬದಲಾಗಿ ರೂಪಿಸಿದ ತಿನಿಸನ್ನು ಮೊದಲ ತುತ್ತಿಗೇ ಬದಿಗೆ ಸರಿಸುವವರು ಅನೇಕವೇಳೆ ದೂರುವುದು ರುಚಿಯನ್ನಲ್ಲ, ಅದು ಬಾಯಿಗೆ ಹಿಟ್ಟುಹಿಟ್ಟಾಗಿ ಸಿಕ್ಕಿತೆಂಬುದನ್ನು.

ಈ ದೂರು ನಿರಾಧಾರವಲ್ಲ. ಕೊಚ್ಚಿದ ಮಾಂಸವನ್ನು ಉಂಡೆ ಕಟ್ಟಿ ಬೇಯಿಸಿದರೆ ಅದರೊಳಗಿನ ಮಯೋಸಿನ್ ಎಂಬ ಪ್ರೋಟೀನು ಶಾಖಕ್ಕೆ ಹೆಪ್ಪುಗಟ್ಟಿ ಚೂರುಗಳನ್ನು ತಾನಾಗಿಯೇ ಬೆಸೆಯುತ್ತದೆ. ನಮ್ಮ ಅಂಗಡಿಗಳಲ್ಲಿ ಮೀಲ್ ಮೇಕರ್ ಎಂದು ದೊರೆಯುವ ಸೋಯಾ ತುಂಡಾದರೋ, ಯಂತ್ರದ ಒತ್ತಡ ಶಾಖಗಳಲ್ಲಿ ಒಮ್ಮೆ ಬೆಂದು ನಾರುಗಟ್ಟಿ ಬಂದುದಾದ್ದರಿಂದ, ಮತ್ತೊಮ್ಮೆ ಬೆಸೆದುಕೊಳ್ಳುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ಅದನ್ನು ನೆನೆಸಿ, ಹಿಂಡಿ, ಅರೆದು ವಡೆ ತಟ್ಟಿದವರು ಬಲ್ಲರು: ಕಡಲೆಹಿಟ್ಟಿನ ನೆರವಿಲ್ಲದಿದ್ದರೆ ವಡೆ ಎಣ್ಣೆಯಲ್ಲಿ ಬಿರಿದು ಪುಡಿಯಾಗುವುದು.

ಈ ಲೋಪವನ್ನು ತುಂಬಲೆಂದು ಕಾರ್ಖಾನೆಗಳು ಆಶ್ರಯಿಸಿರುವ ಗೋಂದುಗಳಲ್ಲಿ ಅತ್ಯಂತ ವಿಲಕ್ಷಣವಾದುದು ಮೀಥೈಲ್ ಸೆಲ್ಯುಲೋಸ್. ಮರದ ತಿರುಳಿನ ಅಥವಾ ಹತ್ತಿಯ ಸೆಲ್ಯುಲೋಸನ್ನು ರಾಸಾಯನಿಕವಾಗಿ ಮಾರ್ಪಡಿಸಿ ಪಡೆಯುವ ಈ ಪುಡಿ ತಣ್ಣೀರಿನಲ್ಲಿ ಕರಗುವುದೇ ಹೊರತು ಬಿಸಿನೀರಿನಲ್ಲಿ ಕರಗದು. ಹಾಲುಬಾಯಿ ಒಲೆಯಿಂದಿಳಿದು ಆರುತ್ತ ಆರುತ್ತ ಗಟ್ಟಿಯಾದರೆ, ಇದರ ದ್ರಾವಣ ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್ಸಿಗೆ ಕಾದಾಗ ಗಟ್ಟಿಯಾಗಿ, ಆರಿದೊಡನೆ ಮರಳಿ ನೀರಾಗುತ್ತದೆ. ಆದುದರಿಂದಲೇ ಇದನ್ನು ನೂರಕ್ಕೆ ಒಂದೆರಡು ಪಾಲು ಬೆರೆಸಿದ ಸೋಯಾ ಮುದ್ದೆ, ತಟ್ಟುವಾಗ ಕೈಗೆ ಅಂಟಂಟಾಗಿದ್ದು, ಕಾವಲಿಯ ಮೇಲೆ ಬಿಗಿದು ರಸವನ್ನು ಹಿಡಿದಿಡುತ್ತದೆ. ತಿನ್ನುವವರು ಹರಟೆಗೆ ಕುಳಿತು ತಟ್ಟೆಯನ್ನು ಆರಗೊಟ್ಟರೋ, ಆ ಬಿಗಿತ ಸಡಿಲುವುದು.

ಇತರ ಗೋಂದುಗಳ ಸ್ವಭಾವವೇ ಬೇರೆ. ರಾಜಸ್ಥಾನದ ಒಣಭೂಮಿಯಲ್ಲಿ ಹೇರಳವಾಗಿ ಬೆಳೆಯುವ ಗೋರಿಕಾಯಿಯ ಬೀಜದಿಂದ ಬರುವ ಗ್ವಾರ್ ಗಮ್ ನೀರನ್ನು ಮಂದಗೊಳಿಸುವುದರಲ್ಲಿ ನಿಪುಣವಾದರೂ ಒಂಟಿಯಾಗಿ ಹೆಪ್ಪುಗಟ್ಟದು. ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ಪಡೆಯುವ ಕ್ಸಾಂಥನ್ನಿನದೂ ಅದೇ ಪಾಡು. ನಮ್ಮ ಸುವರ್ಣಗೆಡ್ಡೆಯ ದಾಯಾದಿಯಾದ ಕೊಂಜಾಕ್ ಗೆಡ್ಡೆಯ ಹಿಟ್ಟನ್ನು ಸುಣ್ಣದ ನೀರಿನೊಡನೆ ಕಾಯಿಸಿದರೆ ಮಾತ್ರ, ಮತ್ತೆಷ್ಟು ಬೇಯಿಸಿದರೂ ಕರಗದ ಪುಟಿಯುವ ಗಡ್ಡೆಯೊಂದು ಸಿದ್ಧವಾಗುತ್ತದೆ. ಜಪಾನೀಯರು ಇದನ್ನು ಕೊನ್ಯಾಕು ಎಂಬ ಹೆಸರಿನಿಂದ ಶತಮಾನಗಳಿಂದ ತಿನ್ನುತ್ತ ಬಂದಿದ್ದಾರೆ. ಸಸ್ಯಜನ್ಯ ಸಿಗಡಿಯನ್ನು ಮಾಡುವವರಿಗೆ ಇದು ಒದಗಿಬಂದುದರಲ್ಲಿ ಆಶ್ಚರ್ಯವಿಲ್ಲ.

ಯಾವ ಗೋಂದಾದರೂ ಮಿತಿಮೀರಿದರೆ ತಿನಿಸು ಲೋಳೆಲೋಳೆಯಾಗಿ, ಮಸಾಲೆಯ ಘಮವೂ ನಾಲಗೆಗೆ ಮಂದವಾಗುವುದು. ಮೀಥೈಲ್ ಸೆಲ್ಯುಲೋಸಿನ ಹೆಸರನ್ನು ಪೊಟ್ಟಣದ ಮೇಲೆ ಕಂಡು ಅಂಜುವವರುಂಟು. ಜೀರ್ಣವಾಗದೆ ಹಾಗೆಯೇ ಹೊರಬೀಳುವ, ಮಲಬದ್ಧತೆಗೆ ವೈದ್ಯರೂ ಕೊಡುವ ಪದಾರ್ಥಕ್ಕೆ ಅಷ್ಟು ಅಂಜಬೇಕಿಲ್ಲವೆಂದು ನನ್ನೆಣಿಕೆ. ಆದರೂ ತಯಾರಕರು ಇದಕ್ಕೆ ಬದಲಿಯನ್ನು ಅರಸುತ್ತಲೇ ಇದ್ದು, ಕಾದರೆ ಹೆಪ್ಪುಗಟ್ಟುವ ಗುಣವುಳ್ಳ ಆಲೂಗಡ್ಡೆಯ ಪ್ರೋಟೀನಿನತ್ತ ಈಚೆಗೆ ಕಣ್ಣು ಹಾಯಿಸಿದ್ದಾರೆ.