ಮೊಡವೆಯ ಟ್ಯೂಬಿನೊಳಗೆ ಏನಿದೆ?

ಮೊಡವೆ ಎಂದರೆ ಅಜ್ಜಿ ಫೋನಿನಲ್ಲೇ ಕಡಲೆಹಿಟ್ಟು, ಅರಿಶಿನ ಎನ್ನುತ್ತಾರೆ, ಪಾಟ್‌ಲಕ್‌ನಲ್ಲಿ ಸಿಕ್ಕ ಆಂಟಿಯೊಬ್ಬರು ಎಲ್ಲರೆದುರೇ "ಏನಮ್ಮ ಇದು ಮುಖದ ಮೇಲೆ?" ಎಂದುಬಿಡುತ್ತಾರೆ. ಡಾಕ್ಟರು ಮಾತ್ರ ಎರಡು ಟ್ಯೂಬ್ ಬರೆದುಕೊಟ್ಟು ಕಳಿಸುತ್ತಾರೆ. ನಿಮ್ಮಲ್ಲಿ ಬಹಳ ಜನ ಅದನ್ನು ಮೂರನೇ ವಾರಕ್ಕೆ ಬಿಟ್ಟುಬಿಡುತ್ತೀರಿ.

ಚರ್ಮದ ಸಣ್ಣ ರಂಧ್ರದಲ್ಲಿ ಜಿಡ್ಡೂ ಸತ್ತ ಕೋಶಗಳೂ ಸೇರಿ ಬಿರಡೆಯಂತೆ ಕಟ್ಟಿಕೊಳ್ಳುತ್ತವೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು, ಕೆಂಪಾಗಿ ಊದಿಕೊಳ್ಳುತ್ತದೆ. ಆ ಬಿರಡೆ ಕಟ್ಟದಂತೆ ನೋಡಿಕೊಳ್ಳುವುದು ರೆಟಿನಾಯ್ಡ್, ವಿಟಮಿನ್ ಎ ವಂಶದ ಔಷಧ. ಟ್ರೆಟಿನಾಯಿನ್‌ಗೆ ಅಮೆರಿಕದಲ್ಲಿ 1971ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅಡಾಪಲೀನ್ 0.1% ಜೆಲ್ 2016ರಿಂದ ಇಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, 0.3%ಗೆ ಇನ್ನೂ ಚೀಟಿ ಬೇಕು.

ಇದನ್ನು ಮೊಡವೆಯ ಮೇಲಷ್ಟೇ ಚುಕ್ಕಿ ಇಡಬೇಡಿ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಹೆಚ್ಚು ಹಚ್ಚಿದರೆ ಬೇಗ ಗುಣವಾಗುವುದಿಲ್ಲ, ಸಿಪ್ಪೆ ಏಳುತ್ತದೆ, ಅಷ್ಟೆ. ಮೊದಲ ವಾರಗಳಲ್ಲಿ ಉರಿ, ಒಣಗುವುದು, ಕೆಲವರಿಗೆ ಮೊಡವೆ ಹೆಚ್ಚಾದಂತೆ ಕಾಣುವುದೂ ಉಂಟು. ತೀರಾ ಉರಿದರೆ ದಿನ ಬಿಟ್ಟು ದಿನ ಹಚ್ಚಿ. ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಗರ್ಭಿಣಿಯಾಗಿದ್ದರೆ, ಆಗುವ ಯೋಚನೆ ಇದ್ದರೆ, ರೆಟಿನಾಯ್ಡ್ ಹಚ್ಚುವ ಮೊದಲೇ ಡಾಕ್ಟರಿಗೆ ಹೇಳಿ.

ಎರಡನೇ ಟ್ಯೂಬು ಬಹುಶಃ ಕ್ಲಿಂಡಾಮೈಸಿನ್, ಅಂದರೆ ಆಂಟಿಬಯೋಟಿಕ್. ಅದೊಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಜಗ್ಗದೆ ಹೋಗುತ್ತದೆ. ಅದಕ್ಕೇ ಬೆಂಜಾಯಿಲ್ ಪೆರಾಕ್ಸೈಡ್ ಜೊತೆಗೆ ಕೊಡುವುದು. ಇದು ಬಟ್ಟೆಯ ಬಣ್ಣ ತೆಗೆಯುತ್ತದೆ, ಅಮ್ಮನ ಒಳ್ಳೆಯ ದಿಂಬಿನ ಕವರು ಜೋಪಾನ!

ನಮ್ಮ ಮೈಬಣ್ಣದವರಿಗೆ ಮೊಡವೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಜೆಲಾಯಿಕ್ ಆಸಿಡ್ ಎರಡಕ್ಕೂ ಉಪಯೋಗ, ಕೇಳಿ ನೋಡಿ. ಹಗಲು ಸನ್‌ಸ್ಕ್ರೀನ್ ತಪ್ಪಿಸಬೇಡಿ.

ಇನ್ನು ಊರಿಂದ ಸೂಟ್‌ಕೇಸಿನಲ್ಲಿ ಬರುವ "ಮುಖ ಬೆಳ್ಳಗಾಗುವ" ಕ್ರೀಮು. ಅದರ ಮೇಲೆ ಬೀಟಾಮೆಥಸೋನ್, ಕ್ಲೊಬೆಟಸಾಲ್ ಅಥವಾ ಮೊಮೆಟಸೋನ್ ಎಂದಿದ್ದರೆ ಅದು ಸ್ಟೆರಾಯ್ಡ್. ಮೊದಲು ಮುಖ ನುಣುಪಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ, ಆ ಕ್ರೀಮಿನಿಂದಲೇ ಮೊಡವೆ ಏಳುತ್ತದೆ. ಬಹಳ ದಿನ ಹಚ್ಚಿದ್ದರೆ ಥಟ್ಟನೆ ನಿಲ್ಲಿಸಿದಾಗ ಮುಖ ಕೆಂಪೇರಿ ಉರಿಯಬಹುದು. ಹಾಗಾಗಿ ಆ ಟ್ಯೂಬನ್ನು ನಾಚಿಕೆ ಪಡದೆ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.