ನಿಮಗಿದು ಗೊತ್ತೆ? ‘ಬಳ್ಳಾರಿ’ಗೆ ಮೂರು ಶಿಫ್ಟ್, ‘ಸಿರುಗುಪ್ಪ’ಕ್ಕೆ ಒಂದೂ ಬೇಡ

ಕೀಲಿಮಣೆಯನ್ನು ನೋಡದೆ ಹತ್ತೂ ಬೆರಳುಗಳಿಂದ ಅಕ್ಷರ ಮೂಡಿಸುವ ಸ್ಪರ್ಶ ಬೆರಳಚ್ಚಿನಲ್ಲಿ ತೋರುಬೆರಳುಗಳೆರಡೂ ಸಣ್ಣ ಉಬ್ಬುಗೆರೆಯುಳ್ಳ ‘ಎಫ್’, ‘ಜೆ’ ಕೀಲಿಗಳ ಮೇಲೆ ನೆಲೆಸಿರುತ್ತವೆ. ‘ನುಡಿ’ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ಕೆ.ಪಿ. ರಾವ್ ವಿನ್ಯಾಸದಲ್ಲಿ ಒತ್ತಕ್ಷರ ಕೂಡಿಸುವ ಕೀಲಿಯೂ ಅದೇ ‘ಎಫ್’ ಆಗಿರುವುದು ಕನ್ನಡ ಬೆರಳಚ್ಚಿಗೆ ದೊರೆತ ದೊಡ್ಡ ಅನುಕೂಲವೇ ಸರಿ. ಈ ವಿನ್ಯಾಸದಲ್ಲಿ ‘ಸಿರುಗುಪ್ಪ’ ಪದವು ಶಿಫ್ಟ್ ಇಲ್ಲದೆ 9 ಒತ್ತುಗಳಲ್ಲಿ ಮೂಡಿದರೆ, ‘ಬಳ್ಳಾರಿ’ಗೆ 7 ಅಕ್ಷರಕೀಲಿಗಳೇ ಸಾಕಾದರೂ ಎರಡು ‘ಳ’ಕಾರಗಳಿಗೂ ದೀರ್ಘಕ್ಕೂ ಶಿಫ್ಟ್ ಬೇಕು. ‘ಳ’ ಬಲಗೈಯದಾದ್ದರಿಂದ ಎಡ ಶಿಫ್ಟನ್ನೂ, ದೀರ್ಘವು ಎಡಗೈಯದಾದ್ದರಿಂದ ಬಲ ಶಿಫ್ಟನ್ನೂ ಕಿರುಬೆರಳಿನಿಂದ ಒತ್ತಬೇಕಾಗಿದ್ದು, ಎರಡೇ ಬೆರಳಿನ ರೂಢಿಯವರು ಮುಗ್ಗರಿಸುವುದು ಇಲ್ಲಿಯೇ. ಹಳೆಯ ರೂಢಿಯನ್ನು ಬಿಡಿಸಿಕೊಳ್ಳಬಯಸುವವರು ಮೊದಲು ವೇಗದ ಚಿಂತೆ ಬಿಟ್ಟು, ಕೈಗಳ ಮೇಲೊಂದು ಬಟ್ಟೆ ಹೊದಿಸಿಕೊಂಡು, ಊರಿನ ಹೆಸರನ್ನೇ ನಿಧಾನವಾಗಿ ಮೂಡಿಸಿ ನೋಡಲಿ.