ಹೃದಯ ಕಾಯುವ ಫ್ಲೂ ಲಸಿಕೆ

ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರಿಗೆ ಸ್ಟೆಂಟ್ ಹಾಕಿದ ಮೂರು ದಿನಗಳೊಳಗೆ ಫ್ಲೂ ಲಸಿಕೆಯನ್ನೂ ಕೊಟ್ಟುಬಿಟ್ಟರೆ? ಸ್ವೀಡನ್ನಿನ ಹೃದ್ರೋಗ ತಜ್ಞ ಓಲೆ ಫ್ರೋಬರ್ಟ್ ಮತ್ತು ಸಂಗಡಿಗರು ಎತ್ತಿಕೊಂಡ ಪ್ರಶ್ನೆ ಇದು. ಬಾಂಗ್ಲಾದೇಶವೂ ಸೇರಿ ಎಂಟು ದೇಶಗಳ ಎರಡೂವರೆ ಸಾವಿರ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಲಸಿಕೆ, ಉಳಿದವರಿಗೆ ಬರೀ ಉಪ್ಪುನೀರಿನ ಚುಚ್ಚುಮದ್ದು. ವರ್ಷದ ಲೆಕ್ಕ 2021ರಲ್ಲಿ ಹೊರಬಂತು. ಉಪ್ಪುನೀರು ಪಡೆದವರಲ್ಲಿ ಶೇ 4.9 ಮಂದಿ ತೀರಿಕೊಂಡಿದ್ದರು, ಲಸಿಕೆ ಪಡೆದವರಲ್ಲಿ ಶೇ 2.9. ಕೋವಿಡ್‌ನಿಂದಾಗಿ ಅಧ್ಯಯನವನ್ನು ಅಂದುಕೊಂಡದ್ದಕ್ಕಿಂತ ಮೊದಲೇ ನಿಲ್ಲಿಸಬೇಕಾಯಿತು. ಆದರೂ ಉಳಿದ ಜೀವಗಳ ಲೆಕ್ಕ ಕಣ್ಣಿಗೆ ಹೊಡೆಯುವಂತಿತ್ತು.

ನಮ್ಮಲ್ಲಿ ಫ್ಲೂ ಎಂದರೆ ಕಷಾಯ ಕುಡಿದು ಮಲಗಿದರೆ ಹೋಗುವ ಜ್ವರ. ಗಟ್ಟಿ ಮೈಯವರಿಗೆ ಅದು ನಿಜವೂ ಹೌದು. ಆದರೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿದವರ ಕಥೆ ಬೇರೆ. ವೈರಸ್ ಎಬ್ಬಿಸುವ ಉರಿಯೂತಕ್ಕೆ ಆ ಕೊಬ್ಬಿನ ಪದರ ಬಿರಿಯಬಹುದು, ರಕ್ತವೂ ಬೇಗ ಹೆಪ್ಪುಗಟ್ಟುತ್ತದೆ. ಜ್ವರಕ್ಕೆ ನಾಡಿ ಓಡುವ ಹೊತ್ತಿನಲ್ಲೇ ಶ್ವಾಸಕೋಶ ಸಾಕಷ್ಟು ಆಮ್ಲಜನಕ ಒದಗಿಸಲಾರದೆ ಹೋಗುತ್ತದೆ. ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಆರು ಪಟ್ಟು ಏರುತ್ತದೆ ಎಂದು ಕೆನಡಾದ ಒಂಟಾರಿಯೊದ ದಾಖಲೆಗಳು 2018ರಲ್ಲೇ ತೋರಿಸಿದ್ದವು.

ದಮ್ಮಿನವರ ಪಾಡೂ ಹೀಗೆಯೇ. ಬೀಡಿಯಿಂದಲೋ ಸೌದೆ ಒಲೆಯ ಹೊಗೆಯಿಂದಲೋ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಹತ್ತಿಸಿಕೊಂಡವರಿಗೆ ಒಂದು ಫ್ಲೂ ಬಂದರೆ ಐಸಿಯುವರೆಗೂ ಹೋಗಬಹುದು.

ಲಸಿಕೆ ಹೃದಯವನ್ನು ಎಷ್ಟು ಕಾಯುತ್ತದೆ ಎಂಬ ಬಗ್ಗೆ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಹೃದಯ ವೈಫಲ್ಯವಿರುವವರ ಮೇಲೆ ಭಾರತವೂ ಸೇರಿ ಹತ್ತು ದೇಶಗಳಲ್ಲಿ ನಡೆದ, 2022ರಲ್ಲಿ ಪ್ರಕಟವಾದ ಪರೀಕ್ಷೆಯ ಮುಖ್ಯ ಅಳತೆಗೋಲಿನಲ್ಲಿ ಲಾಭ ಖಚಿತವಾಗಲಿಲ್ಲ. ಆದರೆ ನ್ಯುಮೋನಿಯಾ ತಗ್ಗಿತು, ಆಸ್ಪತ್ರೆ ಸೇರುವುದೂ ತಗ್ಗಿತು. ಮನೆಮಂದಿಗೆ ಅದೇನು ಸಣ್ಣ ಸಮಾಧಾನವೇ?

ಫ್ಲೂ ವೈರಸ್ ವೇಷ ಬದಲಿಸುತ್ತಲೇ ಇರುವುದರಿಂದ ಲಸಿಕೆ ಪ್ರತಿವರ್ಷ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಬಾರಿ ಲಸಿಕೆಯ ಘಟಕಗಳನ್ನು ಪರಿಷ್ಕರಿಸುತ್ತದೆ. ಕರ್ನಾಟಕದಲ್ಲಿ ಮಳೆಗಾಲದೊಡನೆ ಫ್ಲೂ ಏರುತ್ತದೆ, ರಕ್ಷಣೆ ಮೂಡಲು ಎರಡು ವಾರ ಬೇಕು. ಹಾಗಾಗಿ ಏಪ್ರಿಲ್‌–ಮೇ ತಿಂಗಳೇ ಸರಿಯಾದ ಸಮಯ. ಹೃದಯಾಘಾತವಾದವರು ಮಾತ್ರ ಅಷ್ಟು ದಿನ ಕಾಯಬೇಕಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಆಸ್ಪಿರಿನ್, ಸ್ಟ್ಯಾಟಿನ್‌ಗಳ ಕೆಳಗೆ ಇದನ್ನೂ ಬರೆಯುವುದು ವೈದ್ಯರ ರೂಢಿಯಾಗಬೇಕು. ಮಕ್ಕಳ ಲಸಿಕೆಗಳಂತೆ ಇದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ, ಬಹುತೇಕರು ಕೈಯಿಂದಲೇ ದುಡ್ಡು ಹಾಕಬೇಕು. ಬಡ ಹೃದ್ರೋಗಿಗಳ ಮಟ್ಟಿಗೆ ಸರ್ಕಾರ ಈ ಹೊರೆ ಹೊರಲೇಬೇಕು.

ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇಲ್ಲ, ಆದ್ದರಿಂದ ಅದರಿಂದ ಫ್ಲೂ ಬರುವುದಿಲ್ಲ. ಒಂದೆರಡು ದಿನ ತೋಳು ನೋವು, ಕೆಲವರಿಗೆ ಮೈ ಬೆಚ್ಚಗಾದೀತು. ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆ ಇಂಥ ರೋಗಿಗಳಿಗಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ನರ್ಸ್‌ಗೆ ಮೊದಲೇ ಹೇಳಬೇಕು. ಚುಚ್ಚಿದ ಜಾಗವನ್ನು ಎರಡು ನಿಮಿಷ ಒತ್ತಿಹಿಡಿದರೆ ಸಾಕು.